ಯಮಹಾ ಇನ್‌ಲೈನ್ ಫೋರ್ ಬಿಟ್ಟಿದ್ದು ಸರಿಯಾ?

ಪರ: ಗೆದ್ದವರ ದಾರಿಯೇ ದಾರಿ

ಬೈಕ್ ರೇಸಿನ ದೊಡ್ಡ ಸರಣಿ ಮೋಟೋಜಿಪಿಯಲ್ಲಿ ಯಮಹಾ ತನ್ನ ಇನ್‌ಲೈನ್ ಫೋರ್ ಎಂಜಿನ್ ಬಿಟ್ಟು 2026ರಿಂದ ವಿ4 ಎಂಜಿನ್ ಹಿಡಿದಿದೆ. ಅದರ ಪರವಾಗಿ ಬರೆಯುವ ಸರದಿ ನನ್ನ ಪಾಲಿಗೆ ಬಂದಿದೆ. ನಿಜ ಹೇಳಬೇಕೆಂದರೆ ನಾನೂ ಯಮಹಾದ ಹಳೇ ರೇಸ್ ಬೈಕು ಎಂ1ನ ಅಭಿಮಾನಿಯೇ. ಆದರೆ ಲೆಕ್ಕ ಲೆಕ್ಕವೇ ಅಲ್ವಾ? 2022ರ ಜೂನ್‌ನಲ್ಲಿ ಜರ್ಮನಿಯ ಸ್ಯಾಕ್ಸನ್‌ರಿಂಗ್‌ನಲ್ಲಿ ಗೆದ್ದ ಮೇಲೆ ಯಮಹಾದ ಇನ್‌ಲೈನ್ ಬೈಕು ಮೋಟೋಜಿಪಿಯ ಒಂದು ಮುಖ್ಯ ರೇಸನ್ನೂ ಗೆಲ್ಲಲಿಲ್ಲ. 2022ರಿಂದ 2025ರವರೆಗಿನ ನಾಲ್ಕೂ ಚಾಂಪಿಯನ್ ಪಟ್ಟ ಡುಕಾಟಿ ವಿ4 ಪಾಲಾದವು.

ಇನ್‌ಲೈನ್‌ನಲ್ಲಿ ನಾಲ್ಕು ಸಿಲಿಂಡರ್ ಸಾಲಾಗಿ ಕೂರುತ್ತವೆ, ಎಂಜಿನ್ ಅಗಲವಾಗುತ್ತದೆ. ವಿ4ನಲ್ಲಿ ಮುಂದೆರಡು, ಹಿಂದೆರಡು. ಪಿಸ್ಟನ್‌ಗಳು ತಿರುಗಿಸುವ ದಂಡ, ಅಂದರೆ ಕ್ರ್ಯಾಂಕ್, ಗಿಡ್ಡ; ಬೈಕು ತೆಳ್ಳಗೆ. ಇನ್‌ಲೈನ್ ಬೈಕು ತಿರುವಿನಲ್ಲಿ ದೊಡ್ಡ ಕಮಾನು ಬರೆದು ವೇಗ ಉಳಿಸಿಕೊಳ್ಳುತ್ತದೆ. ಒಬ್ಬನೇ ಓಡಿಸುವಾಗ ಚೆಂದ. ಮುಂದೆ ಡುಕಾಟಿ ಅಡ್ಡ ಬಂದರೆ ಕಮಾನು ಬರೆಯಲು ಜಾಗವೆಲ್ಲಿ? 2025ರಲ್ಲಿ 22 ಬೈಕುಗಳಲ್ಲಿ 18 ವಿ4, ಉಳಿದ ನಾಲ್ಕು ಯಮಹಾದವು. ಹೋಂಡಾದ ವಿ4 ಕೂಡ ಸೋತಿತಲ್ಲ ಅಂತ ಕೇಳಬೇಡಿ, ಅದು ಬೇರೆ ಕತೆ. ವಿರೋಧಿಸುವವರಿಗೆ ಬೇಕಿರುವುದು ಆ ಹಳೇ ಸದ್ದು, ಅಷ್ಟೇ.

ವಿರೋಧ: ನಕಲಿಗೆ ಗೆಲುವು ಬರಲ್ಲ

ಸೋತ ಕೂಡಲೇ ಎಂಜಿನ್ ಮೇಲೆ ಗೂಬೆ ಕೂರಿಸುವುದು ಸುಲಭ. ಹೋಂಡಾ ವಿ4 ಇಟ್ಟುಕೊಂಡೇ 2024ರಲ್ಲಿ ತಯಾರಕರ ಪಟ್ಟಿಯಲ್ಲಿ ಕೊನೆಗೆ ನಿಂತಿತು. ಅದು ಬೇರೆ ಕತೆಯಲ್ಲ, ಇದೇ ಕತೆ! ಸುಜುಕಿ ಇನ್‌ಲೈನ್‌ನಲ್ಲೇ 2020ರ ಪಟ್ಟ ಗೆದ್ದಿತು. 2022ರಲ್ಲಿ ಮೋಟೋಜಿಪಿ ಬಿಟ್ಟು ಹೋಗುವಾಗ ಕೊನೆಯ ರೇಸನ್ನೂ ಗೆದ್ದೇ ಹೋಯಿತು.

2025ರಲ್ಲಿ ಯಮಹಾ ಸವಾರ ಕ್ವಾರ್ಟರಾರೊ ಜೆರೆಜ್, ಲೆ ಮಾನ್ಸ್, ಸಿಲ್ವರ್‌ಸ್ಟೋನ್ ಮೂರರಲ್ಲೂ ಸತತವಾಗಿ ಪೋಲ್, ಅಂದರೆ ಎಲ್ಲರಿಗಿಂತ ಮುಂದೆ ನಿಂತು ರೇಸ್ ಶುರು ಮಾಡುವ ಜಾಗ, ಹಿಡಿದ. ಯಾವುದರಲ್ಲಿ? ಇದೇ 'ಹಳೇ' ಇನ್‌ಲೈನ್‌ನಲ್ಲಿ. ಸಿಲ್ವರ್‌ಸ್ಟೋನ್‌ನಲ್ಲಂತೂ ಆರಾಮಾಗಿ ಮುಂದಿದ್ದ. ಹಿಂಬದಿಯನ್ನು ತಗ್ಗಿಸುವ ಸಾಧನ ಕೈಕೊಟ್ಟು ರೇಸ್ ಬಿಡಬೇಕಾಯಿತು. ಎಂಜಿನ್ ಏನು ಪಾಪ ಮಾಡಿತ್ತು?

2004 ನೆನಪಿಸಿಕೊಳ್ಳಿ. ಆಗ ಎಲ್ಲರನ್ನೂ ಬಡಿಯುತ್ತಿದ್ದದ್ದು ಹೋಂಡಾದ ಐದು ಸಿಲಿಂಡರಿನ ವಿ5. ಯಮಹಾ ಅದನ್ನು ನಕಲು ಮಾಡಿತಾ? ಇಲ್ಲ. ಯಮಹಾ ಎಂಜಿನಿಯರ್ ಫುರುಸಾವಾ ತಂಡ ತನ್ನ ಇನ್‌ಲೈನ್‌ಗೇ ಕ್ರಾಸ್‌ಪ್ಲೇನ್ ಕ್ರ್ಯಾಂಕ್, ಅಂದರೆ ಸಿಲಿಂಡರ್‌ಗಳು ಸಮ ಅಂತರದಲ್ಲಿ ಸಿಡಿಯದಂತೆ ಮಾಡುವ ಕ್ರ್ಯಾಂಕ್, ಕೂರಿಸಿತು. ಹಿಂದಿನ ಚಕ್ರದ ಹಿಡಿತ ಸವಾರನಿಗೆ ಕೈಯಲ್ಲೇ ತಿಳಿಯುವಂತಾಯಿತು. ಹೋಂಡಾ ಬಿಟ್ಟು ಬಂದ ಸವಾರ ವ್ಯಾಲೆಂಟಿನೊ ರೋಸಿ ದಕ್ಷಿಣ ಆಫ್ರಿಕಾದ ವೆಲ್ಕಮ್‌ನಲ್ಲಿ ಮೊದಲ ರೇಸೇ ಗೆದ್ದ. ಬೈಕನ್ನು ಪಕ್ಕಕ್ಕೆ ನಿಲ್ಲಿಸಿ ಅದಕ್ಕೇ ಮುತ್ತು ಕೊಟ್ಟ. ಡುಕಾಟಿಯವರಿಗೆ ವಿ4ನಲ್ಲಿ ಇಪ್ಪತ್ತು ವರ್ಷದ ಅನುಭವವಿದೆ. ಅವರ ನಕಲು ಮಾಡಿದರೆ ಯಾವತ್ತಿದ್ದರೂ ಒಂದು ಹೆಜ್ಜೆ ಹಿಂದೆಯೇ. ಅದೂ 2027ಕ್ಕೆ ನಿಯಮ ಬದಲಾಗಿ ಎಲ್ಲರೂ 850 ಸಿಸಿಗೆ ಇಳಿಯಬೇಕಿರುವಾಗ!

ನಕಲಿನ ರುಚಿ ನನಗೆ ಮೈಸೂರಿನಲ್ಲೇ ಗೊತ್ತಾಗಿದೆ. ಕಾಲೇಜಿನ ದಿನಗಳಲ್ಲಿ ನನ್ನ ಆರ್‌ಎಕ್ಸ್ 100 ಬಂಗಾರದಂತೆ ಓಡುತ್ತಿತ್ತು. ಗೆಳೆಯನ ಬೈಕು ಸ್ವಲ್ಪ ಜಾಸ್ತಿ ಓಡುತ್ತದೆ ಅಂತ ಸುಮ್ನೆ ಹೊಟ್ಟೆಕಿಚ್ಚು. ಅವನದರಲ್ಲಿದ್ದ ದೊಡ್ಡ ಕಾರ್ಬ್ಯುರೇಟರನ್ನೇ ನನ್ನದಕ್ಕೂ ಹಾಕಿಸಿದೆ. ಸಪಾಟು ರಸ್ತೆಯಲ್ಲಿ ಹಾರಿತು. ಚಾಮುಂಡಿ ಬೆಟ್ಟದ ಮೊದಲ ತಿರುವಿನಲ್ಲೇ ಗೊಕ್ ಗೊಕ್ ಅಂತ ಕೆಮ್ಮಿ ನಿಂತಿತು. ಪ್ಲಗ್ ಬಿಚ್ಚಿದರೆ ಪೆಟ್ರೋಲಿನಲ್ಲಿ ತೊಯ್ದು ಕರ್ರಗಾಗಿದೆ. ಹಿಂದೆ ಕೂತಿದ್ದ ತಂಗಿ ಇಳಿದು, ಹೂವಿನ ಬುಟ್ಟಿ ತಲೆ ಮೇಲಿಟ್ಟುಕೊಂಡು, ನಾನು ತಳ್ಳುವುದನ್ನು ನೋಡಿ ನಕ್ಕಿದ್ದೇ ನಕ್ಕಿದ್ದು. ಮರುದಿನ ಮೆಕ್ಯಾನಿಕ್ ಹಳೇ ಕಾರ್ಬ್ಯುರೇಟರನ್ನೇ ವಾಪಸ್ ಹಾಕಿ, ಎರಡು ಸಲದ ಕೂಲಿ ತೆಗೆದುಕೊಂಡ. ಒಂದೇ ಕಿಕ್ಕಿಗೆ ಸ್ಟಾರ್ಟ್ ಆಯಿತು.