ಯಾರ ಲೈಫು ಸ್ವಾಮಿ?

ಸರ್ವಿಸ್ ಸೆಂಟರಿನ ಹುಡುಗ ಟ್ಯಾಬ್ ಹಿಡಿದು ನನ್ನ ಕಾರಿಗೆ ಒಂದು ಪ್ರದಕ್ಷಿಣೆ ಹಾಕಿದ. ಬಂಪರ್ ಮೇಲಿನ ಗೀರು, ಬಾಗಿಲ ಮೇಲಿನ ಗೀರು, ಎಲ್ಲ ಬರೆದುಕೊಂಡ. ಆಮೇಲೆ ಪಟ್ಟಿ ಓದಲು ಶುರು ಮಾಡಿದ. ಎಸಿಗೆ ಡಿಸ್‌ಇನ್ಫೆಕ್ಷನ್, ಸೀಟಿಗೆ ಫೋಮ್ ವಾಶ್, ಗಾಜಿಗೆ ಪಾಲಿಶ್, ಥ್ರಾಟಲ್ ಬಾಡಿಗೆ ಕ್ಲೀನಿಂಗ್, ಕಾರಿನ ಹೊಟ್ಟೆಗೆ ತುಕ್ಕು ತಡೆಯುವ ಕೋಟಿಂಗ್. ಮದುವೆ ಮನೆಯ ಅಡುಗೆ ಕಂಟ್ರಾಕ್ಟರ್ ಮೆನು ಓದಿದ ಹಾಗಿತ್ತು.

"ಗೇರ್‌ಬಾಕ್ಸ್ ಆಯಿಲ್?" ಅಂದೆ. ನನ್ನದು ಆಟೋಮ್ಯಾಟಿಕ್ ಗಾಡಿ. 78 ಸಾವಿರ ಕಿಲೋಮೀಟರ್ ಓಡಿದೆ. ಈಚೆಗೆ ಒಂದನೇ ಗೇರಿನಿಂದ ಎರಡಕ್ಕೆ ಹೋಗುವಾಗ ಹಿಂದಿನಿಂದ ಯಾರೋ ತಳ್ಳಿದ ಹಾಗಾಗುತ್ತದೆ.

"ಅದು ಲೈಫ್‌ಟೈಮ್ ಫಿಲ್ ಸರ್. ಚೇಂಜೇ ಮಾಡೋ ಹಾಗಿಲ್ಲ."

"ಯಾರ ಲೈಫು?"

ಅವನು ಮೊದಲ ಸಲ ಟ್ಯಾಬಿನಿಂದ ತಲೆ ಎತ್ತಿದ. "ಗೇರ್‌ಬಾಕ್ಸ್ ಲೈಫು ಸರ್."

"ಗೇರ್‌ಬಾಕ್ಸ್ ಲೈಫ್ ಎಷ್ಟು?"

"ಆಯಿಲ್ ಚೆನ್ನಾಗಿರೋ ತನಕ ಸರ್."

ಇಷ್ಟು ದುಂಡಗಿನ ಉತ್ತರ ನನಗೆ ಎಲ್ಲೂ ಸಿಕ್ಕಿರಲಿಲ್ಲ. ಎಲ್ಲಿಂದ ಹಿಡಿದರೂ ಜಾರುತ್ತದೆ, ಥೇಟ್ ಎಣ್ಣೆಯ ಹಾಗೆ.

'ಲೈಫ್‌ಟೈಮ್' ಅನ್ನುವ ಪದಕ್ಕೂ ನನಗೂ ಹಳೇ ವ್ಯವಹಾರ. 2006ರ ಸುಮಾರಿಗೆ 999 ರೂಪಾಯಿ ಕಟ್ಟಿ ಲೈಫ್‌ಟೈಮ್ ಇನ್‌ಕಮಿಂಗ್ ಸಿಮ್ ತಗೊಂಡಿದ್ದೆ. 2018ರ ಕೊನೆಗೆ ಮೆಸೇಜ್ ಬಂತು, ರೀಚಾರ್ಜ್ ಮಾಡದಿದ್ದರೆ ಇನ್‌ಕಮಿಂಗ್ ಕಟ್. ನಾನಿನ್ನೂ ಬದುಕಿದ್ದೆ. ಸಿಮ್ಮಿನ ಲೆಕ್ಕದಲ್ಲಿ ಹೋಗಿದ್ದೆ. ಈ ಕಾರು ಕೊಂಡಾಗಲೂ ಅಷ್ಟೇ. ಬೆಲೆ 10 ಲಕ್ಷ ದಾಟಿತ್ತು, 17 ಪರ್ಸೆಂಟ್ ಲೈಫ್‌ಟೈಮ್ ಟ್ಯಾಕ್ಸ್, ಅದರ ಮೇಲೆ ಸೆಸ್. ಆರ್‌ಸಿ ನೋಡಿದರೆ ಆ ಲೈಫು ಹದಿನೈದು ವರ್ಷ. ಆಮೇಲೂ ಗಾಡಿ ಓಡಿಸುವ ಆಸೆ ಇದ್ದರೆ ಫಿಟ್‌ನೆಸ್ ಮಾಡಿಸಿ, ಹಸಿರು ತೆರಿಗೆ ಕಟ್ಟಿ, ಪುನರ್ಜನ್ಮ ತಗೋಬೇಕು.

ಹಾಗಾಗಿ ಮನೆಗೆ ಬಂದವನೇ ಡ್ಯಾಶ್‌ಬೋರ್ಡಿನ ಗೂಡಿನಿಂದ ಮ್ಯಾನುಯಲ್ ತೆಗೆದೆ. ನಮ್ಮಲ್ಲಿ ಅದನ್ನು ಓದುವವರಿಲ್ಲ. ಇನ್ಶೂರೆನ್ಸ್ ಕಾಗದ ಮಡಚಿಡಲು ಅದು ಒಳ್ಳೇ ಫೈಲು, ಅಷ್ಟೇ. ನಾನು ಓದಿದೆ. ಕೊನೆಯ ಕಡೆ, ಇರುವೆ ಸಾಲಿನಂಥ ಅಕ್ಷರದಲ್ಲಿ ಒಂದು ಮಾತಿತ್ತು. ಮಾಮೂಲಿ ಬಳಕೆಯಲ್ಲಿ ಗೇರ್ ಎಣ್ಣೆ ಬದಲಾಯಿಸಬೇಕಿಲ್ಲ. 'ಕಠಿಣ ಬಳಕೆ'ಯಲ್ಲಿ ಮಾತ್ರ ಬದಲಾಯಿಸಿ. ಕಠಿಣ ಅಂದರೆ ಏನು? ಧೂಳು. ಬಿಸಿಲು. ನಿಂತು ನಿಂತು ಹೋಗುವ ಟ್ರಾಫಿಕ್. ಹತ್ತಿರ ಹತ್ತಿರದ ಓಡಾಟ. ಗಂಟೆಗಟ್ಟಲೆ ಇಂಜಿನ್ ಆನ್ ಇಟ್ಟು ನಿಲ್ಲುವುದು.

ಇದು ಎಚ್ಚರಿಕೆಯಲ್ಲ, ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಸ್ಥಳಪುರಾಣ. ಬರೆದವರು ಇಲ್ಲಿಗೆ ಬಂದು ಹೋಗಿರಲೇಬೇಕು. ಬೆಂಗಳೂರಿನಲ್ಲಿ 'ಮಾಮೂಲಿ ಬಳಕೆ' ಅಂತ ಯಾರಾದರೂ ಮಾಡಿದ್ದರೆ ಅದು 2020ರ ಲಾಕ್‌ಡೌನಿನಲ್ಲಿ ಇರಬೇಕು. ಆಗ ಕಾರು ಹೊರಗೆ ತೆಗೆಯುವ ಹಾಗಿರಲಿಲ್ಲ.

ಲೆಕ್ಕ ಹಾಕಿ ನೋಡಿದೆ. 2022ರಲ್ಲಿ ಊರೂರಿನ ಟ್ರಾಫಿಕ್ ಅಳೆಯುವ ಟಾಮ್‌ಟಾಮ್ ಕಂಪನಿ ಅಳೆದಾಗ ಬೆಂಗಳೂರಿನ ನಡುಮಧ್ಯದಲ್ಲಿ 10 ಕಿಲೋಮೀಟರ್ ಹೋಗಲು 29 ನಿಮಿಷ 10 ಸೆಕೆಂಡ್ ಬೇಕಿತ್ತು. ಪ್ರಪಂಚಕ್ಕೇ ಎರಡನೇ ಸ್ಥಾನ, ಲಂಡನ್ ಮೊದಲನೆಯದು. ಆ ಲೆಕ್ಕದಲ್ಲಿ 78 ಸಾವಿರ ಕಿಲೋಮೀಟರ್ ಅಂದರೆ ಸುಮಾರು 3,800 ಗಂಟೆ. ಊಟ ನಿದ್ದೆ ಇಲ್ಲದೆ 158 ದಿನ. ಅಷ್ಟೇ ದೂರ ಹೈವೇಯಲ್ಲಿ 80ರ ಸ್ಪೀಡಿನಲ್ಲಿ ಹೋಗಿದ್ದರೆ 41 ದಿನ ಸಾಕಿತ್ತು. ಮೀಟರಿಗೆ ದೂರ ಮಾತ್ರ ಗೊತ್ತು. ಎಣ್ಣೆಗೆ ಹೊತ್ತು ಗೊತ್ತು.

ಅದು ಬೇಯುವುದೇ ನಿಂತಾಗ, ತೆವಳುವಾಗ. ನನ್ನ ಥರದ ಗಾಡಿಯಲ್ಲಿ ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಟಾರ್ಕ್ ಕನ್ವರ್ಟರ್ ಅಂತ ಒಂದು ಡಬ್ಬಿ ಇರುತ್ತದೆ. ಒಳಗೆ ಎರಡು ಫ್ಯಾನು, ಸುತ್ತ ಎಣ್ಣೆ. ಇಂಜಿನ್ ಕಡೆಯ ಫ್ಯಾನು ಎಣ್ಣೆಯನ್ನು ತಿರುಗಿಸುತ್ತದೆ, ಎಣ್ಣೆ ಇನ್ನೊಂದನ್ನು ತಿರುಗಿಸುತ್ತದೆ. ಗೇರ್ ಕಡ್ಡಿಯನ್ನು ಡಿಗೆ, ಅಂದರೆ ಡ್ರೈವ್‌ಗೆ ಹಾಕಿ ಬ್ರೇಕ್ ಮೇಲೆ ಕಾಲಿಟ್ಟು ನಿಂತಿರಿ ಅಂತಿಟ್ಟುಕೊಳ್ಳಿ. ಇಂಜಿನ್ ಕಡೆಯದು ತಿರುಗುತ್ತದೆ, ಇನ್ನೊಂದು ನಿಂತಿರುತ್ತದೆ. ಮಧ್ಯೆ ಎಣ್ಣೆಯನ್ನು ಸುಮ್ನೆ ಕಡೆದದ್ದೇ ಬಂತು. ಮೊಸರು ಕಡೆದರೆ ಬೆಣ್ಣೆಯಾದರೂ ಸಿಗುತ್ತಿತ್ತು.

ಇಷ್ಟಕ್ಕೂ ಗೇರ್‌ಬಾಕ್ಸ್ ಮಾಡುವವರೇ ಏನು ಹೇಳುತ್ತಾರೆ ಗೊತ್ತಾ? ಜರ್ಮನಿಯಲ್ಲಿ ಝಡ್‌ಎಫ್ ಅಂತ ಕಂಪನಿ ಇದೆ. 1915ರಲ್ಲಿ ಝೆಪ್ಪೆಲಿನ್ ಗಾಳಿಹಡಗುಗಳಿಗೆ ಗೇರ್ ಮಾಡಲು ಹುಟ್ಟಿದ್ದು. ಈಗ ದೊಡ್ಡ ದೊಡ್ಡ ಕಾರುಗಳ ಹೊಟ್ಟೆಯಲ್ಲಿ ಅವರದೇ ಗೇರ್‌ಬಾಕ್ಸು. ತಮ್ಮ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆಯನ್ನು 80 ಸಾವಿರದಿಂದ 1 ಲಕ್ಷ 20 ಸಾವಿರ ಕಿಲೋಮೀಟರಿನೊಳಗೆ, ಇಲ್ಲದಿದ್ದರೆ ಎಂಟು ವರ್ಷಕ್ಕೆ ಬದಲಾಯಿಸಿ ಅಂತ ಅವರು ಬರೆದೇ ಕೊಡುತ್ತಾರೆ. ಅದೇ ಗೇರ್‌ಬಾಕ್ಸು ಕಾರಿನೊಳಗೆ ಕೂತು ಶೋರೂಮಿಗೆ ಬಂದ ಕೂಡಲೇ ಎಣ್ಣೆಗೆ ಅಮರತ್ವ. ಹೆತ್ತವರು ಮಗುವಿಗೆ ಊಟ ಹಾಕಿ ಅಂತಾರೆ, ಹಾಸ್ಟೆಲ್ ವಾರ್ಡನ್ ಈ ಮಗುವಿಗೆ ಹಸಿವೇ ಆಗಲ್ಲ ಅಂತಾನೆ.

ಎಣ್ಣೆ ಬಿಟ್ಟು ಮಿಕ್ಕಿದ್ದಕ್ಕೆಲ್ಲ ನಮ್ಮವರು ಖರ್ಚು ಮಾಡುತ್ತಾರೆ. ನನ್ನ ಸ್ನೇಹಿತನೊಬ್ಬನದು ಡ್ಯುಯಲ್ ಕ್ಲಚ್ ಗಾಡಿ, ಏಳು ಗೇರು. ಅದನ್ನು 'ಅಪ್‌ಗ್ರೇಡ್' ಮಾಡಿಸಿದ. ಸ್ಟೀರಿಂಗ್ ಹಿಂದೆ ಗೇರು ಬದಲಾಯಿಸಲು ಇರುವ ಪ್ಯಾಡಲ್‌ಗೆ ಕೆಂಪು ಅಲ್ಯುಮಿನಿಯಂ ಕಿವಿ ಹಚ್ಚಿಸಿದ. ಗಾಡಿಯ ಕಂಪ್ಯೂಟರಿಗೆ ರೀಮ್ಯಾಪ್ ಅಂತ ಹೊಸ ಪ್ರೋಗ್ರಾಂ ಹಾಕಿಸಿದ, ಗೇರು ಕಣ್ಣು ಮಿಟುಕಿಸುವುದರೊಳಗೆ ಬದಲಾಗಲಿ ಅಂತ. ಬದಲಾಗಬಹುದು. ಆದರೆ ಅವನ ಮನೆ ಮಾರತ್ತಹಳ್ಳಿ. ಎರಡು ಕ್ಲಚ್ಚಿನ ಗಾಡಿಯಲ್ಲಿ ಒಂದು ಕ್ಲಚ್ಚು ಕೆಲಸ ಮಾಡುವಾಗ ಇನ್ನೊಂದು ಮುಂದಿನ ಗೇರು ಹಾಕಿಕೊಂಡು ತಯಾರಾಗಿ ನಿಂತಿರುತ್ತದೆ. ಮಾರತ್ತಹಳ್ಳಿಯಲ್ಲಿ ಅದು ಬಾರದ ಬಸ್ಸಿಗೆ ಕಾದ ಹಾಗೆ ಕಾಯುತ್ತದೆ. ಮೂರರಿಂದ ಏಳರವರೆಗಿನ ಗೇರುಗಳು ವಾರವಿಡೀ ರಜೆಯಲ್ಲಿ. ಹೋದ ಏಪ್ರಿಲ್‌ನಲ್ಲಿ ಪರದೆ ಮೇಲೆ 'ಗೇರ್‌ಬಾಕ್ಸ್ ಬಿಸಿಯಾಗಿದೆ, ಗಾಡಿ ನಿಲ್ಲಿಸಿ' ಅಂತ ಬಂತಂತೆ. "ನಿಂತೇ ಇದ್ದೀನಲ್ಲೋ ಮಾರಾಯ!" ಅಂತ ಅವನು ಕಾರಿಗೇ ಬೈದನಂತೆ.

ಕೊನೆಗೆ ನಾನು ಹೋಗಿದ್ದು ಆಟೋಮ್ಯಾಟಿಕ್ ಗೇರ್‌ಬಾಕ್ಸನ್ನೇ ಬಿಚ್ಚಿ ರಿಪೇರಿ ಮಾಡುವ ಒಬ್ಬ ಮೆಕ್ಯಾನಿಕ್ ಹತ್ತಿರ. ಚಿಕ್ಕ ಶೆಡ್ಡು. ಎಸಿ ಲಾಂಜ್ ಇಲ್ಲ, ಕಾಫಿ ಮಷೀನ್ ಇಲ್ಲ. ಗಾಡಿ ಮೇಲೆತ್ತಿ ನನ್ನನ್ನು ಕೆಳಗೆ ಕರೆದ. "ಲೈಫ್‌ಟೈಮ್ ಅಂದ್ರಾ? ಇಲ್ನೋಡಿ." ಟಾರ್ಚ್ ಬಿಟ್ಟು ತೋರಿಸಿದ. ಎಣ್ಣೆ ಬಸಿಯಲು ಅಚ್ಚುಕಟ್ಟಾದ ಒಂದು ಬೋಲ್ಟು. ಬದಲಾಯಿಸಲೇಬಾರದ ಎಣ್ಣೆಗೆ ಇದನ್ನು ಯಾಕಿಟ್ಟರೋ! ಅಳೆಯುವ ಕಡ್ಡಿಯನ್ನು ಮಾತ್ರ ನೆನಪಿಟ್ಟುಕೊಂಡು ತೆಗೆದಿದ್ದಾರೆ.

ಬೋಲ್ಟ್ ಬಿಚ್ಚಿದ. ಹೊಸದಿದ್ದಾಗ ಈ ಎಣ್ಣೆ ಕೆಂಪಗೆ, ಬೀಟ್‌ರೂಟ್ ತಿಳಿಸಾರಿನ ಹಾಗಿರುತ್ತದೆ. ಬಂದದ್ದು ಹೋಟೆಲಿನ ಸಂಜೆ ಡಿಕಾಕ್ಷನ್. ಸೀದ ವಾಸನೆ ಬೇರೆ. ಅಡಿಯ ತಟ್ಟೆ ಇಳಿಸಿದ. ಅದರೊಳಗೆ ನಾಲ್ಕು ಪುಟ್ಟ ಅಯಸ್ಕಾಂತ. ಅವುಗಳ ಮೇಲೆ ಕಪ್ಪು ಪೇಸ್ಟು, ಕಾಡಿಗೆ ಡಬ್ಬಿಯಲ್ಲಿ ಇರುತ್ತಲ್ಲ ಹಾಗೆ. ಬೆರಳಲ್ಲಿ ತಿಕ್ಕಿ ನೋಡಿದೆ. ನುಣ್ಣಗಿತ್ತು. "ಇಷ್ಟು ಮಾಮೂಲಿ. ಚೂರು ಚೂರು ಲೋಹ ಬಂದಿದ್ರೆ ನಿಮ್ ಹತ್ರ ಬೇರೆ ಥರ ಮಾತಾಡ್ತಿದ್ದೆ" ಅಂದ.

ಒಂದು ಸಲ ಬಸಿದರೆ ಸುಮಾರು ಅರ್ಧ ಎಣ್ಣೆ ಮಾತ್ರ ಹೊರಗೆ ಬರುತ್ತದೆ, ಮಿಕ್ಕಿದ್ದು ಆ ಕನ್ವರ್ಟರಿನಲ್ಲೇ ಉಳಿಯುತ್ತದೆ. ಅದಕ್ಕೇ ಕೆಲವು ದಿನ ಓಡಿಸಿ ಮತ್ತೆ ಬರಲು ಹೇಳಿದ. ಫಿಲ್ಟರ್ ಬದಲಾಯಿಸಿದ. ಡಬ್ಬದ ಮೇಲಿನ ನಂಬರನ್ನು ಮ್ಯಾನುಯಲ್ ಜೊತೆ ಎರಡು ಸಲ ತಾಳೆ ನೋಡಿದ. ಸಿವಿಟಿ ಅಂತ ಇನ್ನೊಂದು ಥರದ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಇದೆ. ಅದರ ಎಣ್ಣೆ ಇದಕ್ಕಾಗದು, ಇದರದು ಸಿವಿಟಿಗಾಗದು. ಕೆಂಪಗಿರುವುದೆಲ್ಲ ಒಂದೇ ಅಂತ ಸುರಿದರೆ ಹೊಸ ಗೇರ್‌ಬಾಕ್ಸ್ ತರಬೇಕಾಗುತ್ತದಂತೆ. ಆಮೇಲೆ ಇಂಜಿನ್ ಆನ್ ಇಟ್ಟು, ಸ್ಕ್ಯಾನರ್ ಹಚ್ಚಿ, ಎಣ್ಣೆ 40 ಡಿಗ್ರಿ ಆಗುವ ತನಕ ಕಾದು ಲೆವೆಲ್ ನೋಡಿದ. ಅಷ್ಟು ಹೊತ್ತೂ ಒಬ್ಬ ಮನುಷ್ಯ ಫೋನ್ ಮುಟ್ಟದೆ ನಿಂತಿದ್ದನ್ನು ನೋಡಿ ನನಗೇ ಒಂಥರಾ ಆಯಿತು.

ತಳ್ಳುವುದು ನಿಂತಿತು. ಹಳೇ ಎಣ್ಣೆಯನ್ನು ಒಂದು ನೀರಿನ ಬಾಟಲಿಗೆ ತುಂಬಿಸಿಕೊಂಡೆ. ಮುಂದಿನ ಸರ್ವಿಸಿಗೆ ಹೋದಾಗ ಆ ಹುಡುಗನ ಮೇಜಿನ ಮೇಲಿಟ್ಟೆ.

ಬಾಟಲಿ ನೋಡಿದ. ನನ್ನನ್ನು ನೋಡಿದ. ಟ್ಯಾಬಿನಲ್ಲಿ ಬೆರಳಾಡಿಸಿದ. "ಇದು ನಮ್ ಕಾರಿಂದ ಬಂದಿರೋಕೆ ಚಾನ್ಸೇ ಇಲ್ಲ ಸರ್. ಸಿಸ್ಟಮ್‌ನಲ್ಲಿ ಆಪ್ಶನ್ನೇ ಇಲ್ಲ ನೋಡಿ." ನಿಜ, ಇರಲಿಲ್ಲ. ಬಾಟಲಿ ಮೇಜಿನ ಮೇಲೇ ಇತ್ತು.

ಬಿಲ್ ಕಟ್ಟಿದೆ. ಕಂಪನಿಯಿಂದ ಫೋನ್ ಬರುತ್ತೆ, ಹತ್ತಕ್ಕೆ ಹತ್ತು ಕೊಡಿ ಸರ್, ಒಂಬತ್ತು ಕೊಟ್ಟರೂ ನಮಗೆ ಸೊನ್ನೇನೇ ಅಂದ. ಹೊರಡುವಾಗ ಎಸಿ ಕಿಂಡಿಗೆ ಸಿಕ್ಕಿಸುವ ಒಂದು ಸೆಂಟಿನ ಡಬ್ಬಿ ಕೈಗಿಟ್ಟ. ಮಲ್ಲಿಗೆ ವಾಸನೆಯದು.

"ಇದೂ ಲೈಫ್‌ಟೈಮಾ?" ಅಂದೆ.

"ಅಯ್ಯೋ ಇಲ್ಲ ಸರ್, 45 ದಿನ" ಅಂದ. "ಆಮೇಲೆ ಮರೀದೆ ಚೇಂಜ್ ಮಾಡಿಸ್ಬಿಡಿ."