ಖಾಲಿ ಮಾಡಿದ ಮನೆಯ ಕರೆಂಟ್ ಬಿಲ್ಲು

ಬಾಡಿಗೆ ಮನೆ ಖಾಲಿ ಮಾಡುವಾಗ ನಮ್ಮ ದಾವಣಗೆರೆ ಮಂದಿ ಏನನ್ನೂ ಬಿಡುವುದಿಲ್ಲ. ಫ್ಯಾನು ಬಿಚ್ಚುತ್ತಾರೆ, ಗೀಸರ್ ಬಿಚ್ಚುತ್ತಾರೆ, ಕ್ಯಾಲೆಂಡರ್ ಹಾಕಿದ್ದ ಮೊಳೆಯನ್ನೂ ಕಿತ್ತು ಡಬ್ಬಿಗೆ ಹಾಕಿಕೊಳ್ಳುತ್ತಾರೆ. ಮೆಟ್ಟಿಲ ಕೆಳಗೆ, ಚಪ್ಪಲಿ ಸ್ಟ್ಯಾಂಡಿನ ಮೇಲುಗಡೆ ಕೆಂಪು ಕಣ್ಣು ಮಿಟುಕಿಸುತ್ತಾ ಕೂತ ಮೀಟರಿಗೆ ಮಾತ್ರ ಯಾರೂ ಒಂದು ಮಾತು ಹೇಳಿ ಹೊರಡುವುದಿಲ್ಲ. ಅದರ ಸಿಟ್ಟು ಎರಡು ಮೂರು ವಾರ ಬಿಟ್ಟು ವಾಟ್ಸಾಪಿನಲ್ಲಿ ಬರುತ್ತದೆ. ಓನರ್ ಅಂಕಲ್ ಕಳಿಸಿದ ಬಿಲ್ಲಿನ ಫೋಟೊ, ಅದರ ಕೆಳಗೆ ಒಂದೇ ಸಾಲು: "ನಿಮ್ ಟೈಮಿಂದು ಬಿಲ್ ಬಂದೈತಪ್ಪ, ಅಡ್ವಾನ್ಸ್‌ನಾಗೆ ಹಿಡ್ಕಂತೀನಿ."

ಇದಕ್ಕೆ ಹೆಚ್ಚಿನವರು ಕೊಡುವ ಉತ್ತರ "ಅಂಕಲ್, ನಾವು ಅಷ್ಟೊಂದು ಉರಿಸೇ ಇಲ್ಲ" ಎಂಬುದು. ನಿಜವೇ ಇರಬಹುದು, ಆದರೆ ಅದರಿಂದ ಮೂರು ಕಾಸಿನ ಪ್ರಯೋಜನವಿಲ್ಲ. ಬಿಲ್ಲಿನಲ್ಲಿ "ಹಿಂದಿನ ಮಾಪನ", "ಇಂದಿನ ಮಾಪನ" ಎಂಬ ಎರಡು ಅಂಕಿಗಳಿರುತ್ತವೆ. ಇವೆರಡರ ನಡುವೆ ಬಿದ್ದಿರುವ ಮೂರನೆಯ ಅಂಕಿ ನಿಮ್ಮದು, ಅಂದರೆ ಮನೆ ಬಿಟ್ಟ ದಿನದ ರೀಡಿಂಗ್. ಅದು ನಿಮ್ಮ ಕೈಯಲ್ಲಿದ್ದರೆ ಐದು ನಿಮಿಷದ ಲೆಕ್ಕ. ಇಲ್ಲದಿದ್ದರೆ ಪಂಚಾಯ್ತಿ.

ಆ ರೀಡಿಂಗನ್ನು ಫೋಟೊ ತೆಗೆಯುವುದರಲ್ಲೂ ಎಡವುವವರಿದ್ದಾರೆ. ಈಗಿನ ಡಿಜಿಟಲ್ ಮೀಟರಿನ ಪರದೆ ಒಂದೇ ಕಡೆ ನಿಲ್ಲುವುದಿಲ್ಲ. ದಿನಾಂಕ, ಗಂಟೆ, ವೋಲ್ಟು, ಆಂಪಿಯರು, ಗರಿಷ್ಠ ಲೋಡು, ಯೂನಿಟ್ಟು ಎಂದು ಜಾತ್ರೆಯ ತೊಟ್ಟಿಲಿನ ಹಾಗೆ ಒಂದೊಂದೇ ಮೇಲೆ ಬಂದು ಹೋಗುತ್ತದೆ. ಆಟೋದವನು ಹೊರಗೆ ಹಾರ್ನ್ ಹೊಡೆಯುತ್ತಿರುತ್ತಾನೆ, ಅವಸರದಲ್ಲಿ ಒಂದು ಕ್ಲಿಕ್. ಆಮೇಲೆ ನೋಡಿದರೆ ಸಾಕ್ಷಿಯಾಗಿ ಸಿಕ್ಕಿರುವುದು 14:32, ಅಂದರೆ ಮಧ್ಯಾಹ್ನ ಎರಡೂವರೆ. ಇನ್ನು ಕೆಲವರ ಫೋಟೊದಲ್ಲಿ 231 ಇರುತ್ತದೆ. ಅದು ವೋಲ್ಟೇಜು. "ಕೆಡಬ್ಲ್ಯುಎಚ್" (kWh) ಎಂದು ಪಕ್ಕದಲ್ಲಿ ಬಂದಾಗ ಕಾಣುವ ಅಂಕಿ ಮಾತ್ರ ಯೂನಿಟ್ಟು. ಚುಕ್ಕಿಯ ಮೇಲೂ ಕಣ್ಣಿರಲಿ, 4587.3 ಅನ್ನು 45873 ಎಂದು ಓದಿ ಎದೆ ಒಡೆದುಕೊಳ್ಳುವುದು ಬೇಡ. ಎಲ್ಲಕ್ಕಿಂತ ಸುಲಭ, ಪರದೆ ಒಂದು ಸುತ್ತು ಮುಗಿಸುವ ತನಕ ವಿಡಿಯೊ ತೆಗೆಯುವುದು. ಮೀಟರಿನ ಮೇಲೆ ಅಚ್ಚಾದ ಸೀರಿಯಲ್ ನಂಬರಿನಿಂದ ಶುರುಮಾಡಿ. ನಾಲ್ಕು ಮೀಟರ್ ಸಾಲಾಗಿರುವ ಕಟ್ಟಡದಲ್ಲಿ "ಇದು ನಿಮ್ದಲ್ಲ, ಮೇಲಿನವರದು" ಎನ್ನುವ ಮಾತಿಗೆ ಅದೇ ಉತ್ತರ. ವಿಡಿಯೊವನ್ನು ಕೀಲಿ ಕೊಡುವ ಮೊದಲೇ ಓನರ್‌ಗೆ ಕಳಿಸಿ, ಜೊತೆಗೆ "ಅಂಕಲ್, ಇವತ್ತಿನ ರೀಡಿಂಗ್ 4587" ಎಂದು ಬರೆಯಿರಿ. ಅವರು ಹೆಬ್ಬೆರಳು ಒತ್ತಿದರೂ ಅದು ಸಹಿಯೇ.

ಒಂದು ಲೆಕ್ಕ ನೋಡಿ. ಮೇ 8ರ ಬಿಲ್ಲಿನಲ್ಲಿ ರೀಡಿಂಗ್ 4521. ಮನೆ ಬಿಟ್ಟದ್ದು 24ಕ್ಕೆ, ಆಗ 4587. ಜೂನ್ 8ರ ಬಿಲ್ಲಿಗೆ 4731. ಒಟ್ಟು 210 ಯೂನಿಟ್, ಅದರಲ್ಲಿ ನಿಮ್ಮದು 66. ಉಳಿದ 144 ಯೂನಿಟ್ ನೆಲಕ್ಕೆ ಪಾಲಿಶ್ ಹಾಕಿದ ಮಷಿನ್ನು, ಪೇಂಟರಿನ ಫೋಕಸ್ ಲೈಟು, ಹೊಸ ಬಾಡಿಗೆಯವರ ಕೂಲರು ಎಲ್ಲ ಸೇರಿ ನುಂಗಿದ್ದು. 2025ರ ಏಪ್ರಿಲ್ ದರದಲ್ಲಿ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ ಇತ್ತು. 66 ಯೂನಿಟ್ಟಿಗೆ 382 ರೂಪಾಯಿ 80 ಪೈಸೆ ಆಯಿತು. ಆಗಿನ ನಿಗದಿತ ಶುಲ್ಕ ಕಿಲೋವ್ಯಾಟಿಗೆ 145, ಎರಡು ಕಿಲೋವ್ಯಾಟಿನ ಮನೆಗೆ 290. ಅದನ್ನು ದಿನದ ಲೆಕ್ಕದಲ್ಲಿ ಹಂಚಿ, 31ರಲ್ಲಿ 16 ದಿನಕ್ಕೆ ಸುಮಾರು 150. ತೆರಿಗೆ ಮತ್ತಿತರ ಚಿಲ್ಲರೆಯನ್ನು ಯೂನಿಟ್ ಲೆಕ್ಕದಲ್ಲೇ ಒಡೆಯಿರಿ, ನಿಮ್ಮ ಪಾಲು ನೂರಕ್ಕೆ 31.

ಮನೆಗೆ ಗೃಹಜ್ಯೋತಿ ಇದ್ದರೆ ಜಗಳಕ್ಕೆ ರುಚಿ ಜಾಸ್ತಿ. 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ಲನ್ನೂ ಕಟ್ಟಬೇಕು. "ನನ್ನ 66ಕ್ಕೆ ಸೊನ್ನೆ ಬಿಲ್ ಬರ್ತಿತ್ತು, ದಾಟಿಸಿದ್ದು ನಿಮ್ಮ ಪಾಲಿಶ್ ಮಷಿನ್" ಎಂದು ಬಾಡಿಗೆಯವರು. "ಮೀಟರಿಗೆ ಅದೆಲ್ಲ ಗೊತ್ತಾಗಂಗಿಲ್ಲಪ್ಪ" ಎಂದು ಓನರ್. ಇಬ್ಬರೂ ಸರಿ. ನನ್ನನ್ನು ಕೇಳಿದರೆ 66ರ ಪಾಲನ್ನು ಕೊಟ್ಟು, ಅಡ್ವಾನ್ಸ್ ಪೂರ್ತಿ ಬಿಡಿಸಿಕೊಳ್ಳುವುದು ಜಾಣತನ. ಗೃಹಜ್ಯೋತಿಯಿಂದ ಆಧಾರ್ ಬೇರ್ಪಡಿಸುವ ವಿಷಯ ಕೊನೆಗೆ.

ಮನೆ ಬಿಡುವ ದಿನ, ಸಾಮಾನೆಲ್ಲ ಲಗೇಜ್ ಆಟೋಗೆ ಏರಿದ ಮೇಲೆ, ಒಂದು ಪರೀಕ್ಷೆ ಮಾಡಿ ನೋಡುವಂಥದ್ದು. ಮನೆಯೊಳಗಿನ ಮೇನ್ ಸ್ವಿಚ್ ಇಳಿಸಿ ಮೀಟರ್ ಮುಂದೆ ಕುಕ್ಕರಗಾಲಲ್ಲಿ ಕೂರಿ. ಕೆಂಪು ದೀಪ ಇನ್ನೂ ಮಿಟುಕುತ್ತಿದ್ದರೆ ನಿಮ್ಮ ಮೀಟರಿನಿಂದ ಬೇರೆ ಯಾರೋ ಉಣ್ಣುತ್ತಿದ್ದಾರೆ. ಮೀಟರಿನ ಮುಖದ ಮೇಲೆ 3200 ಎಂದಿದ್ದರೆ ದೀಪ 3200 ಸಲ ಮಿಟುಕಿದಾಗ ಒಂದು ಯೂನಿಟ್. ಎರಡು ಕಿಲೋವ್ಯಾಟ್ ಗೀಸರ್ ಹಾಕಿದರೆ ನಿಮಿಷಕ್ಕೆ ನೂರು ಸಲ ದಾಟುತ್ತದೆ. ಮೆಟ್ಟಿಲ ಮೇಲಿನ 9 ವ್ಯಾಟಿನ ಬಲ್ಬಿಗೆ ಎರಡು ನಿಮಿಷಕ್ಕೆ ಒಂದೇ ಮಿಟುಕು. ಒಂದು ನಿಮಿಷ ನೋಡಿ "ಏನಿಲ್ಲ ಬಿಡು" ಎಂದು ಎದ್ದರೆ ಮೋಸ, ಐದು ನಿಮಿಷ ಕೂರಬೇಕು. ಸಂಪಿನ ಮೋಟರ್ ಒಂದು ಸಲ ಹಾಕಿಸಿಯೂ ನೋಡಿ.

ಬಲ್ಬಿನ ಜಗಳ ಆಡಬೇಡಿ. ರಾತ್ರಿ ಹನ್ನೆರಡು ತಾಸು ಉರಿದರೂ ತಿಂಗಳಿಗೆ ಮೂರು ಯೂನಿಟ್ ಚಿಲ್ಲರೆ, ಅದೇ 2025ರ ದರದಲ್ಲಿ 19 ರೂಪಾಯಿ. ಮಂಡಕ್ಕಿ-ಮಿರ್ಚಿ ತಿಂದು ಮರೆಯುವ ದುಡ್ಡು. ಮೋಟರನ್ನು ಬಿಡಬೇಡಿ. ಒಂದು ಎಚ್‌ಪಿ ಮೋಟರ್ ತಾಸಿಗೆ ಹೆಚ್ಚುಕಡಿಮೆ ಒಂದು ಯೂನಿಟ್ ಎಳೆಯುತ್ತದೆ. ದಿನಕ್ಕೊಂದು ತಾಸಾದರೆ ತಿಂಗಳಿಗೆ 30 ಯೂನಿಟ್, 174 ರೂಪಾಯಿ. ಮೂರು ಮನೆಯ ಟ್ಯಾಂಕನ್ನು ಹನ್ನೊಂದು ತಿಂಗಳು ನೀವೊಬ್ಬರೇ ತುಂಬಿಸಿದ್ದೀರಿ ಅಂದರೆ 1914 ರೂಪಾಯಿ. ಓನರ್ ಮುಂದೆ ಇದನ್ನು ಕೂಗಾಡದೆ, ಮೀಟರ್ ಪಕ್ಕ ನಿಲ್ಲಿಸಿಕೊಂಡು, ಮೋಟರ್ ಹಾಕಿ ತೋರಿಸಿ. "ಅಯ್ಯೋ, ವೈರಿಂಗ್ ಮಾಡಿದೋನು ಹಿಂಗೆ ಮಾಡ್ಯಾನಲ್ಲ" ಎಂದು ವೈರ್‌ಮನ್ ತಲೆಗೆ ಕಟ್ಟಿಬಿಡುತ್ತಾರೆ. ಕಟ್ಟಲಿ, ನಿಮಗೆ ಬೇಕಾದ್ದು ದುಡ್ಡು.

ಇಲ್ಲಿಯವರೆಗಿನದು ಓನರ್ ಜೊತೆಗಿನ ವ್ಯಾಜ್ಯ. ಇದನ್ನು ಹಿಡಿದು ಕರೆಂಟ್ ಆಫೀಸಿಗೆ ಹೋದರೆ ಅವರೇನೂ ಮಾಡಲಾರರು. ಅವರಿಗೆ ಆರ್‌ಆರ್ ನಂಬರ್ (ಬಿಲ್ಲಿನ ಮೇಲಿರುವ ಕರೆಂಟ್ ಸಂಪರ್ಕದ ನಂಬರ್) ಗೊತ್ತು, ಬಾಡಿಗೆಯವರು ಯಾರೆಂದು ಗೊತ್ತಿಲ್ಲ. ಬಿಲ್ಲೇ ತಪ್ಪಾಗಿದ್ದರೆ ಮಾತ್ರ ಆಫೀಸಿನ ದಾರಿ. (ಕೆಇಬಿ 1999ರಲ್ಲೇ ಹೋಯಿತು, 2002ರಿಂದ ಇರುವುದು ಬೆಸ್ಕಾಂ. ಆದರೂ ಆಟೋದವರಿಗೆ ಕೆಇಬಿ ಆಫೀಸ್ ಎಂದೇ ಹೇಳಿ, ಬೇಗ ಮುಟ್ಟುತ್ತೀರಿ.) ತಪ್ಪು ಬಹಳ ಸಲ ಹುಟ್ಟುವುದು ಬಾಗಿಲಿಗೆ ಬೀಗ ಇದ್ದಾಗ. ಮೀಟರ್ ಒಳಗಿದೆ, ಗೇಟಿಗೆ ಬೀಗ, ರೀಡರ್ ಸರಾಸರಿ ಹಾಕಿ ಹೋಗುತ್ತಾರೆ. ಮೂರು ತಿಂಗಳು ಕಮ್ಮಿ ಸರಾಸರಿ ಬಂದರೆ ನಾಲ್ಕನೆಯ ತಿಂಗಳು ನಿಜವಾದ ರೀಡಿಂಗ್ ಎಲ್ಲವನ್ನೂ ಒಟ್ಟಿಗೆ ತಂದು ಸುರಿಯುತ್ತದೆ. ಅಷ್ಟರಲ್ಲಿ ಮನೆಯಲ್ಲಿ ಇದ್ದವರೇ ಬೇರೆ. ಹಳೆ ಬಿಲ್ಲುಗಳನ್ನು ಸಾಲಾಗಿ ಇಟ್ಟರೆ ಎಲ್ಲಿಂದ ಸರಾಸರಿ ಶುರುವಾಯಿತೆಂದು ತಿಳಿಯುತ್ತದೆ. ಆದರೆ ಆ ಥರ್ಮಲ್ ಕಾಗದ ಅಡುಗೆಮನೆ ಬಿಸಿಗೆ ಕೆಲವೇ ತಿಂಗಳಲ್ಲಿ ಬೋಳಾಗುತ್ತದೆ, ಬಂದ ದಿನವೇ ಫೋಟೊ ತೆಗೆದಿಡಿ.

ಮೊದಲು 1912ಕ್ಕೆ ಫೋನ್ ಮಾಡಿ ದೂರಿನ ನಂಬರ್ ಬರೆದುಕೊಳ್ಳಿ. ಆಮೇಲೆ ಉಪವಿಭಾಗದ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರಿಗೆ ಅರ್ಜಿ, ಎರಡು ಪ್ರತಿ. ಆರ್‌ಆರ್ ನಂಬರ್, ಬಿಲ್ಲಿನ ದಿನಾಂಕ, ಬಿಲ್ಲಿನಲ್ಲಿರುವ ರೀಡಿಂಗ್, ಮೀಟರಿನಲ್ಲಿರುವ ರೀಡಿಂಗ್, ಮೀಟರ್ ಫೋಟೊದ ಪ್ರಿಂಟು, ಇಷ್ಟಿದ್ದರೆ ಸಾಕು. ಕಷ್ಟಸುಖ ಬರೆಯಬೇಡಿ. ಬಿಲ್ಲು ಓನರ ತಂದೆಯ ಹೆಸರಿನಲ್ಲಿ ಇರುವುದು, ಅವರ ಫೋಟೊಕ್ಕೆ ಹಾರ ಬಿದ್ದು ವರ್ಷಗಳಾಗಿರುವುದು ನಮ್ಮೂರಲ್ಲಿ ಮಾಮೂಲು. ಗ್ರಾಹಕರ ಹೆಸರೆಂದು ಆ ಅಜ್ಜನ ಹೆಸರನ್ನೇ ಬರೆದು, ಓನರ್ ಕೈಲಿ ಸಹಿ ಹಾಕಿಸಿ. ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ ಬೀಳುವ ತನಕ ಕೌಂಟರ್ ಬಿಡಬೇಡಿ.

ವ್ಯಾಜ್ಯ ಮುಗಿಯುವ ತನಕ ಫ್ಯೂಸ್ ಕೀಳುವ ಭಯವಿದ್ದರೆ ವಿದ್ಯುತ್ ಕಾಯ್ದೆ 2003ರ 56ನೇ ಕಲಂ ನೋಡಿ. ಕಡಿತಕ್ಕೆ ಮುಂಚೆ ಪೂರ್ತಿ 15 ದಿನದ ಲಿಖಿತ ನೋಟಿಸ್ ಬೇಕು. ಕೇಳಿದ ಮೊತ್ತ ಅಥವಾ ಹಿಂದಿನ ಆರು ತಿಂಗಳ ಸರಾಸರಿ, ಎರಡರಲ್ಲಿ ಯಾವುದು ಕಮ್ಮಿಯೋ ಅಷ್ಟನ್ನು ತಕರಾರು ಇಟ್ಟುಕೊಂಡೇ ಕಟ್ಟಿದರೆ ಕಡಿಯುವಂತಿಲ್ಲ. ಮಧ್ಯೆ ಬಾಕಿ ಎಂದು ತೋರಿಸದೆ ಎರಡು ವರ್ಷ ಕಳೆದ ಹಳೆ ಲೆಕ್ಕವನ್ನು ವಸೂಲಿ ಮಾಡುವಂತೆಯೂ ಇಲ್ಲ. ಉಪವಿಭಾಗದಲ್ಲಿ ಆಗದಿದ್ದರೆ ಗ್ರಾಹಕರ ಕುಂದುಕೊರತೆ ವೇದಿಕೆ, ಅದರ ಮೇಲೆ ಒಂಬುಡ್ಸ್‌ಮನ್.

ಬಿಲ್ಲಿನಲ್ಲಿ "ಹೆಚ್ಚುವರಿ ಠೇವಣಿ" ಎಂದು ಬಂದಿದ್ದರೆ ಅದು ನಿಮ್ಮದಲ್ಲ. ಠೇವಣಿ, ಅದರ ಬಡ್ಡಿ ಎರಡೂ ಆರ್‌ಆರ್ ನಂಬರಿಗೆ ಸೇರಿದ್ದು, ಅಂದರೆ ಓನರಿಗೆ. ಕಟ್ಟಿದ್ದರೆ ವಾಪಸ್ ಕೇಳಿ.

ಗೃಹಜ್ಯೋತಿಗೆ ನಿಮ್ಮ ಆಧಾರ್ ಆ ಮನೆಯ ಮೀಟರಿಗೆ ಗಂಟು ಬಿದ್ದಿರುತ್ತದೆ. ಸೇವಾಸಿಂಧುವಿನಲ್ಲಿ ಅದನ್ನು ಬಿಡಿಸದೆ ಹೊಸ ಮನೆಗೆ ನಿಮಗೂ ಇಲ್ಲ, ಹಳೆ ಮನೆಯಲ್ಲಿ ಬಂದವರಿಗೂ ಇಲ್ಲ. ಕೆಲಸ ಎರಡು ನಿಮಿಷದ್ದು, ಆದರೆ ಒಟಿಪಿ ಬರುವುದು ಆಧಾರಿಗೆ ಕೊಟ್ಟ ನಂಬರಿಗೆ. ಸಾಮಾನು ಕಟ್ಟುವ ಮುಂಚೆಯೇ ಮಾಡಿ ಮುಗಿಸಿ. ಆ ಸಿಮ್ ಇರುವುದು ಹಳೆ ಕೀಪ್ಯಾಡ್ ಫೋನಿನಲ್ಲಿ, ಫೋನ್ ಇರುವುದು ಯಾವುದೋ ರಟ್ಟಿನ ಡಬ್ಬಿಯ ತಳದಲ್ಲಿ, ಡಬ್ಬಿಗಳ ಮೇಲೆಲ್ಲ ನೀವೇ ಸ್ಕೆಚ್ ಪೆನ್ನಿನಲ್ಲಿ ಬರೆದಿರುವುದು "ಇತರೆ".