ಬಸ್ಸು ಹೋಯ್ತಾ ಅಣ್ಣಾ?

ಚಡ್ಡಿ ಹಾಕಿಕೊಂಡು ರಸ್ತೆಯಲ್ಲಿ ಓಡುವ ನಲವತ್ತೆಂಟು ವರ್ಷದ ಗಂಡಸಿಗೆ ನಮ್ಮೂರಲ್ಲಿ ಒಂದೇ ಪ್ರಶ್ನೆ. ಅಂಗಡಿಯ ಬಾಗಿಲು ತೆಗೆಯುತ್ತಿರುವವರು ಮಲಯಾಳದಲ್ಲಿ ಕೇಳುತ್ತಾರೆ, "ಎಂದಾ ಏಟ್ಟಾ, ಬಸ್ಸ್ ಪೋಯಾ?" ಹಾಲಿನ ಕ್ಯಾನು ಹಿಡಿದು ಹೊರಟವರು ತುಳುವಿನಲ್ಲಿ, "ದಾನೆ ಅಣ್ಣಾ, ಬಸ್ಸ್ ಪೋಂಡಾ?" ಕನ್ನಡದವರದ್ದು "ಬಸ್ಸು ಹೋಯ್ತಾ ಅಣ್ಣಾ?" ಕಾಸರಗೋಡಿನಲ್ಲಿ ಮೂರು ಭಾಷೆಯವರು ಒಂದೇ ಮಾತು ಆಡುವುದು ಅಪರೂಪ. ನನ್ನ ಓಟದಿಂದ ಅಷ್ಟಾದರೂ ಆಯಿತು.

ಬದಿಯಡ್ಕದ ಹತ್ತಿರ ಒಂದು ಸೊಸೈಟಿಯಲ್ಲಿ ನಾನು ಗುಮಾಸ್ತ. ಓಡುವುದು, ಸೈಕಲ್ ತುಳಿಯುವುದು ಎರಡೂ ಸುಮ್ನೆ ಖುಷಿಗೆ. ಇಷ್ಟು ವರ್ಷದಲ್ಲಿ ವೇಗ ಒಂಚೂರೂ ಜಾಸ್ತಿ ಆಗಿಲ್ಲ. ಆಗುತ್ತದೆ ಅಂತ ಮೊದಮೊದಲು ಒಂದು ಪುಸ್ತಕದಲ್ಲಿ ಲೆಕ್ಕ ಬರೆದಿಡುತ್ತಿದ್ದೆ. ಆಮೇಲೆ ಅದೇ ಪುಸ್ತಕದಲ್ಲಿ ಹೆಂಡತಿ ಹಾಲಿನ ಲೆಕ್ಕ ಬರೆಯತೊಡಗಿದಳು. ನಾನೂ ಬೇಡ ಅನ್ನಲಿಲ್ಲ.

ಮೊದಲು ಬಂದದ್ದು ಸೈಕಲ್ಲು. ಅಪ್ಪನ ಕಪ್ಪು ಸೈಕಲ್ಲು. ಅಡಿಕೆ ಗೋಣಿ ಕಟ್ಟಿ ಕಟ್ಟಿ ಅದರ ಕ್ಯಾರಿಯರ್ ಒಂದು ಕಡೆಗೆ ವಾಲಿತ್ತು. ಸೀಟಿನಲ್ಲಿ ಕೂತರೆ ಕಾಲು ಎಟುಕದು, ಹಾಗಾಗಿ ಒಳಪೆಡ್ಲು ಹೊಡೆದೇ ಕಲಿತೆ. ಚೈನು ಕಚ್ಚಿದ ಗುರುತು ಬಲಗಾಲಿನಲ್ಲಿ ಈಗಲೂ ಇದೆ. ಅದಕ್ಕೊಂದು ಡೈನಮೋ ಇತ್ತು. 6 ವೋಲ್ಟು, 3 ವಾಟು. ಅದರ ತಲೆಯನ್ನು ಟಯರಿಗೆ ಒರಗಿಸಿದರೆ ಗುರ್ರ್ ಅಂತ ಸದ್ದು, ಪೆಡ್ಲು ಒಮ್ಮೆಲೇ ಭಾರ, ಎದುರಿಗೆ ಹಳದಿ ಬೆಳಕು. ಇಳಿಜಾರಿನಲ್ಲಿ ಬೆಳಕು ಧಾರಾಳ. ಏರು ಬಂದರೆ ಚಕ್ರ ನಿಧಾನ, ಬೆಳಕೂ ಮಂದ. ಇಳಿದು ತಳ್ಳತೊಡಗಿದರೆ ಪೂರ್ತಿ ಕತ್ತಲೆ. ಏದುಸಿರು ಬಿಡುವ ಹೊತ್ತಿಗೆ ಸರಿಯಾಗಿ ಕೈ ಕೊಡುವ ಆ ದೀಪದ ಮೇಲೆ ನನಗೆ ಇನ್ನೂ ಸಿಟ್ಟಿದೆ.

ಏರಿಗಂತೂ ನಮ್ಮಲ್ಲಿ ಬರಗಾಲವಿಲ್ಲ. ಕೆಳಗೆ ಬೈಲು, ಅಂದರೆ ತೋಟ-ಗದ್ದೆಯ ತಗ್ಗು. ಮೇಲೆ ಪದವು, ಅಂದರೆ ಮುರಕಲ್ಲಿನ ಬೋಳು ಗುಡ್ಡ. ಒಂದು ಬೈಲಿನಿಂದ ಇನ್ನೊಂದು ಬೈಲಿಗೆ ಹೋಗಬೇಕಾದರೆ ನಡುವೆ ಪದವು ಹತ್ತಿ ಇಳಿಯಲೇಬೇಕು. ಬಸ್ಸಿನಲ್ಲಿ ಕೂತವರಿಗೆ ಇದು ತಿಳಿಯುವುದು ಡ್ರೈವರ್ ಗೇರು ಬದಲಾಯಿಸಿದಾಗ ಮಾತ್ರ. ನನಗೆ ಒಂದೊಂದು ಏರಿನದೂ ಸ್ವಭಾವ ಗೊತ್ತು. ಒಂದು ಮೊದಲೇ ಹೆದರಿಸಿ ಆಮೇಲೆ ಸುಮ್ಮನಾಗುತ್ತದೆ. ಇನ್ನೊಂದು ಮುಗಿಯಿತು ಅಂತ ನಂಬಿಸಿ, ತಿರುವಿನ ಆಚೆ ಮತ್ತಷ್ಟು ಬಾಕಿ ಇಟ್ಟುಕೊಂಡಿರುತ್ತದೆ. ಪದವಿನ ನೆತ್ತಿ ತಲುಪಿದರೆ ಸಾಕು, ಗಾಳಿ. ಮಳೆ ತುಸು ಬಿಟ್ಟ ದಿನಗಳಲ್ಲಿ ಪಾರೆಯ ಮೇಲೆ ನಿಂತ ನೀರಿನ ಅಂಚಿಗೆಲ್ಲ ಪುಟ್ಟ ಪುಟ್ಟ ನೀಲಿ ಹೂ. ಓಣಂ ಹೊತ್ತಿಗೆ ಮಕ್ಕಳು ಪೂಕ್ಕಳಕ್ಕೆ, ಅಂದರೆ ಹೂವಿನ ರಂಗೋಲಿಗೆ, ಕೊಯ್ಯುವ ಕಾಕ್ಕಪ್ಪೂ ಇದೇ. ಹೂ ನೋಡಲು ಅಂತ ನಾನು ಅಲ್ಲಿ ನಿಲ್ಲುತ್ತೇನೆ. ಹೂ ಇಲ್ಲದ ತಿಂಗಳಲ್ಲೂ ನಿಲ್ಲುತ್ತೇನೆ.

ಮಳೆಗಾಲದ ದೊಡ್ಡ ತಾಪತ್ರಯ ಶೂ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಸುರಿಯುವ ಊರಲ್ಲಿ ಒಮ್ಮೆ ಒದ್ದೆಯಾದ ಶೂ ನವರಾತ್ರಿಯವರೆಗೂ ಒದ್ದೆಯೇ. ಒಳಗೆ ಪೇಪರ್ ತುರುಕಿ ನೋಡಿದೆ. ಫ್ಯಾನಿನ ಕೆಳಗಿಟ್ಟೆ. ಕೊನೆಗೆ ಬಚ್ಚಲೊಲೆಯ ಮೇಲೆ, ಕೊಬ್ಬರಿ ಒಣಗಿಸುವ ಅಟ್ಟದಲ್ಲಿ ನೇತು ಹಾಕಿದೆ. ಒಣಗಿತು, ಚೆನ್ನಾಗಿಯೇ ಒಣಗಿತು. ಮರುದಿನ ಎರಡನೇ ಕಿಲೋಮೀಟರಿನಲ್ಲಿ ಅಂಟು ಬಿಟ್ಟು, ಅಟ್ಟೆ ನಾಲಿಗೆಯ ಹಾಗೆ ಜೋತು ಬಿತ್ತು. ಒಂದು ಕಾಲಿಗೆ ಶೂ, ಒಂದು ಕಾಲು ಬರಿದು ಮಾಡಿ ಮನೆಗೆ ಬಂದೆ. 1960ರ ರೋಮ್ ಒಲಿಂಪಿಕ್ಸಿನಲ್ಲಿ ಇಥಿಯೋಪಿಯಾದ ಅಬೆಬೆ ಬಿಕಿಲ ಎರಡೂ ಕಾಲು ಬರಿದಾಗಿಯೇ ಮ್ಯಾರಥಾನ್ ಗೆದ್ದ. ಅವನಿಗೆ ನಮ್ಮ ಜಲ್ಲಿ ರಸ್ತೆ ಸಿಕ್ಕಿರಲಿಲ್ಲ, ಅಷ್ಟೇ.

ಬಿಕಿಲನ ಕತೆಯನ್ನು ನಮ್ಮ ತೋಟದಲ್ಲಿ ಅಡಿಕೆ ಕೊಯ್ಯುವ ಅಣ್ಣನಿಗೂ ಹೇಳಿದೆ. ಅವರು ಆಗಷ್ಟೇ ಒಂದು ಮರದಿಂದ ಇಳಿದು ಇನ್ನೊಂದನ್ನು ಹತ್ತಲು ಕಾಲಿಗೆ ತಳೆ ಹಾಕುತ್ತಿದ್ದರು. "ಎಷ್ಟು ಕೊಡ್ತಾರೆ ನಿಮಗೆ ಓಡಿದ್ದಕ್ಕೆ?" ಅಂದರು. ಮಂಗಳೂರಿನಲ್ಲಿ ಹಾಫ್ ಮ್ಯಾರಥಾನ್ ಓಡಲು ನಾನೇ ದುಡ್ಡು ಕಟ್ಟಿದ್ದೆ ಎಂದೆ. ಅವರು ನಗಲಿಲ್ಲ. ನನ್ನನ್ನೊಮ್ಮೆ ಪಾಪ ಅನ್ನುವ ಹಾಗೆ ನೋಡಿ ಮರ ಹತ್ತಿದರು. ದಿನವಿಡೀ ಮರ ಹತ್ತಿ ಇಳಿಯುವವರ ಎದುರು ವ್ಯಾಯಾಮದ ಮಾತು ಎತ್ತಬಾರದು ಅಂತ ಅವತ್ತು ತೀರ್ಮಾನಿಸಿದೆ. ಆ ಓಟದಲ್ಲಿ ಸಿಕ್ಕಿದ ಮೆಡಲ್ಲಿಗೆ ಈಗ ಪಂಪ್ ಶೆಡ್ಡಿನ ಕೀಲಿಕೈ ಕಟ್ಟಿದ್ದೇವೆ. ಕೀಲಿ ಕಳೆದುಹೋಗುವುದು ನಿಂತಿದೆ.

ಪೂರ್ತಿ ಮ್ಯಾರಥಾನ್ 42 ಕಿಲೋಮೀಟರ್ 195 ಮೀಟರ್. ನಾನಿನ್ನೂ ಓಡಿಲ್ಲ. ಈ ಚಿಲ್ಲರೆ ಲೆಕ್ಕ ಬಂದದ್ದು 1908ರ ಲಂಡನ್ ಒಲಿಂಪಿಕ್ಸಿನಿಂದ. ವಿಂಡ್ಸರ್ ಅರಮನೆಯ ಹತ್ತಿರ ಶುರು, ಸ್ಟೇಡಿಯಮ್ಮಿನಲ್ಲಿ ರಾಜಮನೆತನದವರು ಕೂತ ಜಾಗದ ಎದುರು ಮುಕ್ತಾಯ. 1921ರಲ್ಲಿ ಅದನ್ನೇ ಖಾಯಂ ಮಾಡಿದರು. ರಸ್ತೆಯಿಂದ ನಮ್ಮ ಮನೆ ಗೇಟಿಗೂ ಹೆಚ್ಚುಕಡಿಮೆ ಅಷ್ಟೇ ಮೀಟರು, ಎಲ್ಲವೂ ಏರು. ಮೇಲೆ ರಾಣಿ ಕಾಯುತ್ತಿರುತ್ತಾಳೆ, ತರಕಾರಿ ತಂದಿರಾ ಅಂತ ಕೇಳಲು.

ಭಾನುವಾರ ಸೈಕಲ್ಲಿಗೆ. ಪೆರ್ಲ, ಅಡ್ಕಸ್ಥಳ ದಾಟಿ, ಸಾರಡ್ಕದಲ್ಲಿ ಕರ್ನಾಟಕದ ಗಡಿ ಹಾಯ್ದು, ಅಡ್ಯನಡ್ಕದಲ್ಲಿ ಚಾ ಕುಡಿದು ವಾಪಸು. ಒಂದು ಚಾಕ್ಕೆ ಇನ್ನೊಂದು ರಾಜ್ಯ. 2020ರಲ್ಲಿ ಕೊರೋನಾ ಅಂತ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ನನಗೆ ಮೊದಲು ನೆನಪಾದದ್ದು ಆ ಚಾ. ಆಸ್ಪತ್ರೆಗೆ ಹೋಗಲಾಗದೆ ಒದ್ದಾಡಿದವರ ಸುದ್ದಿ ಓದಿದ ಮೇಲೆ ನಾಚಿಕೆಯಾಯಿತು.

ನನ್ನ ಅತಿ ದೊಡ್ಡ ಸವಾರಿ ಬೇಕಲ ಕೋಟೆಗೆ. ಚೆರ್ಕಳ, ಕಾಸರಗೋಡು, ಚಂದ್ರಗಿರಿ ಸೇತುವೆ, ಅಲ್ಲಿಂದ ಉದುಮ. ಹೋಗಿ ಬರಲು ಎಪ್ಪತ್ತು ಕಿಲೋಮೀಟರಿನ ಆಸುಪಾಸು. ಊಟ, ಗೋಳಿ ಸೋಡಾ ಎರಡು, ಪಂಕ್ಚರ್ ಒಂದು ಸೇರಿ ಹತ್ತು ಗಂಟೆ ಹಿಡಿಯಿತು. ಫ್ರಾನ್ಸಿನಲ್ಲಿ ನಾಲ್ಕು ವರ್ಷಕ್ಕೊಮ್ಮೆ ಪ್ಯಾರಿಸ್ಸಿನಿಂದ ಬ್ರೆಸ್ಟಿಗೆ ಹೋಗಿ ಮರಳುವ ಸವಾರಿ ಇದೆಯಲ್ಲ, ಸುಮಾರು 1200 ಕಿಲೋಮೀಟರು, 90 ಗಂಟೆಯ ಗಡುವು. ಗುಮಾಸ್ತನ ಬುದ್ಧಿ, ಲೆಕ್ಕ ಹಾಕಿದೆ. ನನ್ನ ವೇಗದಲ್ಲಿ ಏಳು ಹಗಲು, ಏಳು ರಾತ್ರಿ. ಅದೂ ಮಲಗದೆ. ಸೊಸೈಟಿಯಲ್ಲಿ ಅಷ್ಟು ರಜೆ ಹುಟ್ಟುವುದಿಲ್ಲ.

ಹೋದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ನೋಡಿದರೆ ಸೈಕಲ್ಲಿನ ಹಿಂದಿನ ಚಕ್ರ ಚಪ್ಪಟೆ. ಕಾಸರಗೋಡಿನಲ್ಲಿ ಮೀಟಿಂಗು ಬೇರೆ. ಪ್ಯಾಂಟು, ಅಂಗಿ, ಹೆಗಲಿಗೆ ಬ್ಯಾಗು. ಗೇಟು ದಾಟಿ ಇಳಿದು ರಸ್ತೆಗೆ ಬರುವಾಗ ಬಸ್ಸು ಸ್ಟಾಪಿನಿಂದ ಹೊರಟಾಗಿತ್ತು. ಕೊಡೆ ಮಡಚಿ ಹಿಡಿದು ಓಡಿದೆ. ಜೀವಮಾನದಲ್ಲಿ ಅಷ್ಟು ಜೋರಾಗಿ ಓಡಿರಲಿಲ್ಲ. ಅಂಗಡಿಯವರು ನೋಡಿದರು, ಹಾಲಿನವರು ಬದಿಗೆ ಸರಿದು ದಾರಿ ಬಿಟ್ಟರು. ಯಾವ ಭಾಷೆಯಲ್ಲೂ ಯಾರೂ ಏನೂ ಕೇಳಲಿಲ್ಲ. ಬಸ್ಸಿಗೆ ಒಬ್ಬರೂ ಕೈ ತೋರಿಸಲಿಲ್ಲ. ಹಿಂದಿನ ಬಾಗಿಲಲ್ಲಿ ನಿಂತಿದ್ದ ಕಂಡಕ್ಟರ್ ನನ್ನ ಗುರುತು ಹಿಡಿದು ನಕ್ಕ. ಶಹಬ್ಬಾಸ್ ಅನ್ನುವ ಹಾಗೆ ಹೆಬ್ಬೆರಳೆತ್ತಿ, ಬಸ್ಸು ಹೋಗಲಿ ಅಂತ ಡಬಲ್ ಬೆಲ್ ಹೊಡೆದ.